ದೊಡ್ಡ ಆಡಿಟ್ ಸಂಸ್ಥೆಯಲ್ಲಿ ಆರ್ಟಿಕಲ್ ಮಾಡುವ ಕೆಲಸವೇನು?

ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ಲೆಕ್ಕಪರಿಶೋಧಕರ ವರದಿ ಎಂಬ ಕೆಲವು ಪುಟಗಳಿರುತ್ತವೆ. ಅದರ ಕೊನೆಯಲ್ಲಿ ಆಡಿಟ್ ಸಂಸ್ಥೆಯ ಹೆಸರು, ಸಹಿ ಮಾಡಿದ ಪಾಲುದಾರರ ಹೆಸರು, ಅವರ ಸದಸ್ಯತ್ವ ಸಂಖ್ಯೆ, ಯುಡಿಐಎನ್ ಎಂಬ ಗುರುತಿನ ಸಂಖ್ಯೆ, ಊರು ಮತ್ತು ತಾರೀಖು ಇರುತ್ತವೆ. ಆ ಸಹಿಗೆ ಆಧಾರವಾದ ಬಿಲ್ಲು, ಚಲನ್, ಬ್ಯಾಂಕ್ ಪತ್ರಗಳನ್ನು ಮೊದಲು ಬಿಡಿಸಿ ನೋಡಿದವರು ಯಾರೆಂದು ಅಲ್ಲಿ ತಿಳಿಯುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವರು ಇಪ್ಪತ್ತರ ಆಸುಪಾಸಿನ ಆರ್ಟಿಕಲ್‌ಗಳು, ಅಂದರೆ ಸಿ.ಎ. ಓದುತ್ತಲೇ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳು. ಮನೆಯವರು ಕೇಳಿದಾಗ ಇವರು 'ಆಡಿಟ್‌ಗೆ ಹೋಗಿದ್ದೆ' ಎನ್ನುತ್ತಾರೆ. ಆದರೆ ಹೋಗಿ ಮಾಡುವುದೇನು, ಅದರಿಂದ ಯಾರಿಗೆ ಏನು ಪ್ರಯೋಜನ ಎಂಬುದು ಹೇಳಿದವರಿಗೂ ಕೇಳಿದವರಿಗೂ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲ. ಈ ಕೆಲಸ ಹೊರಗಿನಿಂದ ಬರೀ ಟಿಕ್ ಹಾಕುವ ಕೆಲಸದಂತೆ ಕಂಡರೂ ಇಡೀ ಆಡಿಟ್ ನಿಂತಿರುವುದು ಇದರ ಮೇಲೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಹೇಗೆಂದು ಇಲ್ಲಿ ವಿವರಿಸುತ್ತೇನೆ.

ಮೊದಲು ಚೌಕಟ್ಟನ್ನು ನೋಡೋಣ. ಭಾರತದಲ್ಲಿ ಈ ವೃತ್ತಿಯನ್ನು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ, ಅದೇ ವರ್ಷದ ಜುಲೈ 1ರಂದು ಸ್ಥಾಪನೆಯಾದ ಐ.ಸಿ.ಎ.ಐ., ಅಂದರೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ನಿಯಂತ್ರಿಸುತ್ತದೆ. ಫೌಂಡೇಶನ್, ಇಂಟರ್‌ಮೀಡಿಯಟ್, ಫೈನಲ್ ಎಂಬ ಮೂರು ಹಂತದ ಪರೀಕ್ಷೆಗಳ ನಡುವೆ ಪ್ರಾಯೋಗಿಕ ತರಬೇತಿ ಕಡ್ಡಾಯ. ಹಿಂದೆ ಮೂರು ವರ್ಷವಿದ್ದ ಈ ಅವಧಿಯನ್ನು 2023ರ ಜುಲೈನಿಂದ ಜಾರಿಗೆ ಬಂದ ಹೊಸ ಯೋಜನೆ ಎರಡು ವರ್ಷಕ್ಕೆ ಇಳಿಸಿತು. ಇಂಟರ್‌ಮೀಡಿಯಟ್‌ನ ಎರಡೂ ಗ್ರೂಪ್ ಮುಗಿಸಿ, ಐ.ಸಿ.ಎ.ಐ.ಯೇ ನಡೆಸುವ ಕಂಪ್ಯೂಟರ್ ಮತ್ತು ಓರಿಯೆಂಟೇಶನ್ ತರಗತಿಗಳನ್ನು ಪೂರೈಸಿದ ವಿದ್ಯಾರ್ಥಿ, ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಬಳಿ ಆರ್ಟಿಕಲ್ ಆಗಿ ನೋಂದಾಯಿಸಿಕೊಳ್ಳುತ್ತಾನೆ ಅಥವಾ ನೋಂದಾಯಿಸಿಕೊಳ್ಳುತ್ತಾಳೆ. ಒಪ್ಪಂದವಾಗುವುದು ಆ ಒಬ್ಬ ವ್ಯಕ್ತಿಯ ಜೊತೆ, ಅವರನ್ನು ಪ್ರಿನ್ಸಿಪಾಲ್ ಎನ್ನುತ್ತಾರೆ. ನೂರಾರು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಕಾಗದದ ಮೇಲಿನ ಈ ಗುರುವನ್ನು ಶಿಷ್ಯ ತಿಂಗಳುಗಟ್ಟಲೆ ಮಾತನಾಡಿಸದೆ ಇರುವುದುಂಟು. ದಿನದ ಕಲಿಕೆಯೆಲ್ಲ ಒಂದೆರಡು ವರ್ಷ ಮುಂದಿರುವ ಸೀನಿಯರ್‌ನಿಂದ ಮತ್ತು ಮ್ಯಾನೇಜರ್‌ನಿಂದ ನಡೆಯುತ್ತದೆ. ಸ್ಟೈಪೆಂಡ್‌ನ ಕನಿಷ್ಠ ಮೊತ್ತವನ್ನು ಊರಿನ ಜನಸಂಖ್ಯೆ ನೋಡಿ ಐ.ಸಿ.ಎ.ಐ. ಗೊತ್ತುಮಾಡುತ್ತದೆ. ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಕೊಡುತ್ತವೆ.

ದೊಡ್ಡ ಸಂಸ್ಥೆ ಎಂದಾಗ ಜನ ಹೇಳುವುದು ನಾಲ್ಕೈದು ಜಾಗತಿಕ ಹೆಸರುಗಳನ್ನು. ಭಾರತದ ಕಂಪನಿಗಳ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಇಲ್ಲಿನ ಚಾರ್ಟರ್ಡ್ ಅಕೌಂಟೆಂಟ್‌ಗಳಿಗಷ್ಟೇ ಇರುವುದರಿಂದ, ಆ ಜಾಲಗಳು ಭಾರತೀಯ ಪಾಲುದಾರಿಕೆ ಸಂಸ್ಥೆಗಳ ಮೂಲಕವೇ ಆಡಿಟ್ ಮಾಡುತ್ತವೆ. ಕೆಪಿಎಂಜಿ ಜಾಲದಲ್ಲಿ ಬಿ.ಎಸ್.ಆರ್., ಇ.ವೈ. ಜಾಲದಲ್ಲಿ ಎಸ್.ಆರ್. ಬಾಟ್ಲಿಬಾಯ್ ಎಂಬ ಹೆಸರುಗಳು ವರದಿಗಳ ಕೆಳಗೆ ಕಾಣುವುದು ಇದರಿಂದಲೇ. ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಮಾಡುವ ಆರ್ಟಿಕಲ್‌ಗಳಲ್ಲಿ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಉಡುಪಿ ಕಡೆಯಿಂದ ಬಂದು ಪಿ.ಜಿ.ಯಲ್ಲಿ ಉಳಿದುಕೊಂಡವರೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ಆಡಿಟ್ ಎಂದರೇನು ಎಂಬ ಪ್ರಶ್ನೆ. ಕಂಪನಿಯ ಲೆಕ್ಕ ಬರೆಯುವುದು, ಹಣಕಾಸು ಪಟ್ಟಿಗಳನ್ನು ಸಿದ್ಧಪಡಿಸುವುದು ಕಂಪನಿಯ ಆಡಳಿತದ ಹೊಣೆ. ಆ ಪಟ್ಟಿಗಳ ಒಂದೊಂದು ಸಾಲೂ ಆಡಳಿತದ ಒಂದೊಂದು ಹೇಳಿಕೆ. 'ದಾಸ್ತಾನು 80 ಕೋಟಿ ರೂಪಾಯಿ' ಎಂದು ಬರೆದರೆ, ಅಷ್ಟು ಸರಕು ನಿಜವಾಗಿ ಇದೆ, ಅದು ನಮ್ಮದೇ, ಲೆಕ್ಕದಿಂದ ಯಾವುದೂ ಬಿಟ್ಟುಹೋಗಿಲ್ಲ, ಹಾಕಿರುವ ಬೆಲೆ ಸರಿಯಾಗಿದೆ ಎಂದು ಒಟ್ಟಿಗೇ ನಾಲ್ಕು ಮಾತು ಹೇಳಿದಂತಾಯಿತು. ಆಡಿಟರ್ ಮಾಡುವುದು ಈ ಒಂದೊಂದು ಮಾತಿಗೂ ಪುರಾವೆ ಹುಡುಕುವ ಕೆಲಸ. ಎಲ್ಲ ಸೇರಿಸಿ ನೋಡಿದಾಗ ಪಟ್ಟಿಗಳು ಕಂಪನಿಯ ನಿಜಸ್ಥಿತಿಯನ್ನು ನ್ಯಾಯವಾಗಿ ತೋರಿಸುತ್ತವೆಯೇ ಎಂದು ಅಭಿಪ್ರಾಯ ಕೊಡುವುದು ಅವರ ಹೊಣೆ. ಅವರು ಕೊಡುವ ಭರವಸೆ ಸಂಪೂರ್ಣ ಭರವಸೆ ಆಗಲಾರದು, ಏಕೆಂದರೆ ವರ್ಷಕ್ಕೆ ಲಕ್ಷಾಂತರ ವಹಿವಾಟು ನಡೆಯುವ ಕಂಪನಿಯಲ್ಲಿ ಪ್ರತಿಯೊಂದನ್ನೂ ನೋಡಲು ಸಾಧ್ಯವಿಲ್ಲ. ಆದ್ದರಿಂದ ಎಷ್ಟು ದೊಡ್ಡ ತಪ್ಪಾದರೆ ಷೇರುದಾರರ ನಿರ್ಧಾರ ಬದಲಾದೀತು ಎಂಬ ಅಂದಾಜನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಇದಕ್ಕೆ ಮೆಟೀರಿಯಾಲಿಟಿ ಎಂದು ಹೆಸರು.

ಉದಾಹರಣೆಗೆ, ತೆರಿಗೆಗೆ ಮುಂಚಿನ ಲಾಭ 100 ಕೋಟಿ ಇರುವ ಕಂಪನಿಯಲ್ಲಿ ವಾಡಿಕೆಯಂತೆ ಶೇ. 5, ಅಂದರೆ 5 ಕೋಟಿಯನ್ನು ಒಟ್ಟಾರೆ ಮಿತಿಯಾಗಿ ಇಟ್ಟುಕೊಂಡರು ಎನ್ನೋಣ. ಸಣ್ಣ ಸಣ್ಣ ತಪ್ಪುಗಳು ಸೇರಿ ಆ ಮಿತಿ ದಾಟದಿರಲೆಂದು ಕೆಲಸದ ಮಿತಿಯನ್ನು ಅದರ ಮುಕ್ಕಾಲು ಪಾಲಿಗೆ, 3.75 ಕೋಟಿಗೆ ಇಳಿಸುತ್ತಾರೆ. 25 ಲಕ್ಷಕ್ಕಿಂತ ಕೆಳಗಿನ ವ್ಯತ್ಯಾಸಗಳನ್ನು ನಗಣ್ಯವೆಂದು ಬಿಡಬಹುದು ಎಂದೂ ತೀರ್ಮಾನಿಸಬಹುದು. ಶೇಕಡಾವಾರು ಇಷ್ಟೇ ಇರಬೇಕೆಂದು ಯಾವ ಮಾನದಂಡವೂ ಹೇಳುವುದಿಲ್ಲ, ಅದು ಪಾಲುದಾರರ ವಿವೇಚನೆಗೆ ಬಿಟ್ಟದ್ದು. ಆರ್ಟಿಕಲ್ ಈ ಲೆಕ್ಕವನ್ನು ಮಾಡುವುದಿಲ್ಲ, ಆದರೆ ತನಗೆ ಕೊಟ್ಟ ಸ್ಯಾಂಪಲ್‌ನಲ್ಲಿ ಏಕೆ ಇಂತಿಷ್ಟೇ ಬಿಲ್ಲುಗಳಿವೆ, ದೊಡ್ಡ ಮೊತ್ತದವು ಏಕೆ ಎಲ್ಲವೂ ಇವೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇದನ್ನು ಸೀನಿಯರ್ ಮೊದಲ ದಿನವೇ ಹೇಳಿಕೊಟ್ಟರೆ ಮುಂದಿನ ಕೆಲಸಕ್ಕೆಲ್ಲ ಅರ್ಥ ಬರುತ್ತದೆ, ಹೇಳಿಕೊಡದಿದ್ದರೆ ವಿದ್ಯಾರ್ಥಿಯೇ ಕೇಳಿ ತಿಳಿದುಕೊಳ್ಳಬೇಕು.

ಹೊಸಬರಿಗೆ ಸಾಮಾನ್ಯವಾಗಿ ಬ್ಯಾಂಕ್ ಶಿಲ್ಕು, ಸ್ಥಿರಾಸ್ತಿ, ಸಂಬಳ, ಬಾಡಿಗೆ, ದುರಸ್ತಿ, ಪ್ರಯಾಣ ಮುಂತಾದ ಖರ್ಚುಗಳ ಖಾತೆಗಳನ್ನು ಕೊಡುತ್ತಾರೆ. ಆದಾಯ, ಬಾರದ ಸಾಲಗಳ ಅಂದಾಜು, ತೆರಿಗೆ ವ್ಯಾಜ್ಯಗಳಂಥ ವಿವೇಚನೆ ಬೇಡುವ ವಿಷಯಗಳು ಅನುಭವಿಗಳ ಪಾಲಿಗೆ ಹೋಗುತ್ತವೆ. ಖರ್ಚಿನ ಖಾತೆಯಿಂದ ಸ್ಯಾಂಪಲ್ ಆರಿಸಿ, ಪ್ರತಿ ನಮೂದಿಗೂ ಬಿಲ್ಲು ತೆಗೆಸಿ ನೋಡುವುದಕ್ಕೆ ವೌಚಿಂಗ್ ಎನ್ನುತ್ತಾರೆ. ಬಿಲ್ಲು ಇದೆ, ಮೊತ್ತ ಸರಿಯಿದೆ ಎಂದು ಟಿಕ್ ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಬಿಲ್ಲು ಈ ಕಂಪನಿಯ ಹೆಸರಿಗೇ ಇದೆಯೇ, ಈ ವರ್ಷಕ್ಕೇ ಸೇರಿದ್ದೇ, ಅಧಿಕಾರವಿದ್ದವರು ಮಂಜೂರು ಮಾಡಿದ್ದಾರೆಯೇ, ಸರಿಯಾದ ಖಾತೆಗೇ ಬಿದ್ದಿದೆಯೇ ಎಂಬುದನ್ನೆಲ್ಲ ಓದಿ ತಿಳಿಯಬೇಕು. ದುರಸ್ತಿ ಖಾತೆಯಲ್ಲಿ 12 ಲಕ್ಷದ ಹೊಸ ಯಂತ್ರದ ಬಿಲ್ಲು ಇದ್ದರೆ, ಬಿಲ್ಲು ನಿಜವೇ ಆದರೂ ಲೆಕ್ಕ ತಪ್ಪು. ಅದು ಸ್ಥಿರಾಸ್ತಿಗೆ ಸೇರಿ ವರ್ಷ ವರ್ಷ ಸವಕಳಿಯಾಗಬೇಕಿತ್ತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಆಡಿಟ್‌ನ ತರ್ಕವೆಲ್ಲ ಇದರಲ್ಲಿ ಅಡಗಿದೆ. ಪರೀಕ್ಷೆ ಯಾವ ದಿಕ್ಕಿನಲ್ಲಿ ನಡೆಯುತ್ತದೆ ಎಂಬುದನ್ನು ಅವಲಂಬಿಸಿ ಅದು ಹಿಡಿಯುವ ತಪ್ಪೂ ಬೇರೆಯಾಗುತ್ತದೆ. ಲೆಕ್ಕದ ಪುಸ್ತಕದಲ್ಲಿರುವ ನಮೂದಿನಿಂದ ಹೊರಟು ದಾಖಲೆಯನ್ನು ಹುಡುಕಿದರೆ, ನಡೆಯದ ವಹಿವಾಟನ್ನು ಬರೆದಿದ್ದಾರೆಯೇ ಎಂದು ತಿಳಿಯುತ್ತದೆ. ದಾಖಲೆಯಿಂದ ಹೊರಟು ಪುಸ್ತಕದಲ್ಲಿ ಅದರ ನಮೂದನ್ನು ಹುಡುಕಿದರೆ, ನಡೆದ ವಹಿವಾಟನ್ನು ಬರೆಯದೆ ಬಿಟ್ಟಿದ್ದಾರೆಯೇ ಎಂದು ತಿಳಿಯುತ್ತದೆ. ಮಾರಾಟವನ್ನು ಹೆಚ್ಚಿಸಿ ತೋರಿಸುವ ಆಸೆ ಇರುವುದರಿಂದ ಮಾರಾಟದ ಪಟ್ಟಿಯಿಂದ ಬಿಲ್ಲುಗಳನ್ನು ಆರಿಸಿ, ಗ್ರಾಹಕರ ಆರ್ಡರ್, ಲಾರಿ ರಸೀದಿ, ಇ-ವೇ ಬಿಲ್, ಮಾಲು ತಲುಪಿದ್ದಕ್ಕೆ ಗ್ರಾಹಕರ ಸಹಿ, ಕೊನೆಗೆ ಬ್ಯಾಂಕಿಗೆ ಬಂದ ಹಣ, ಹೀಗೆ ಹಿಂದಕ್ಕೆ ಹೋಗುತ್ತಾರೆ. ಕೊಡಬೇಕಾದ ಬಾಕಿಯ ವಿಷಯದಲ್ಲಿ ಆಸೆ ತಿರುವುಮುರುವು, ಅಲ್ಲಿ ಕಡಿಮೆ ತೋರಿಸುವುದೇ ಲಾಭ. ಪುಸ್ತಕದಲ್ಲಿ ಬರೆದಿರುವ ಬಾಕಿಗಳನ್ನು ಎಷ್ಟು ಪರೀಕ್ಷಿಸಿದರೂ ಬರೆಯದೆ ಬಿಟ್ಟ ಬಾಕಿ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಕಂಪನಿ ಮಾಡಿದ ಪಾವತಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಮಾರ್ಚ್ 31ಕ್ಕೆ ಮೊದಲೇ ಪಡೆದ ಸರಕು ಅಥವಾ ಸೇವೆಗೆ ಸೇರಿದವು ಯಾವುವು, ಅವು ಬಾಕಿ ಪಟ್ಟಿಯಲ್ಲಿದ್ದವೇ ಎಂದು ನೋಡುತ್ತಾರೆ. ಏಪ್ರಿಲ್ 20ರಂದು ಕಟ್ಟಿದ ಮಾರ್ಚ್ ತಿಂಗಳ 40 ಲಕ್ಷದ ವಿದ್ಯುತ್ ಬಿಲ್ಲು ಮಾರ್ಚ್ 31ರ ಬಾಕಿಯಲ್ಲಿ ಇಲ್ಲದಿದ್ದರೆ ಆ ವರ್ಷದ ಲಾಭ 40 ಲಕ್ಷದಷ್ಟು ಹೆಚ್ಚಾಗಿ ಕಂಡಿದೆ ಎಂದರ್ಥ. ಇದನ್ನು ತಿಳಿದ ಆರ್ಟಿಕಲ್ ತನ್ನ ಕೈಗೆ ಬಂದ ಪಟ್ಟಿಯ ಮುಂದೆ ಕೂರುವ ಮೊದಲು, ಇಲ್ಲಿ ಯಾವ ತಪ್ಪಿಗಾಗಿ ಹುಡುಕುತ್ತಿದ್ದೇನೆ ಎಂದು ಕೇಳಿಕೊಳ್ಳುತ್ತಾನೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರಿಕೆ ಬರುತ್ತದೆ. ಸ್ಯಾಂಪಲ್ ಆರಿಸಲು ಬೇಕಾದ ಪಟ್ಟಿಯನ್ನು ಕೊಡುವುದು ಕಂಪನಿಯ ಲೆಕ್ಕ ವಿಭಾಗವೇ. ಎಕ್ಸೆಲ್‌ನಲ್ಲಿ ಬಂದ ಆ ಪಟ್ಟಿಯ ಮೊತ್ತ ಲೆಡ್ಜರ್‌ನ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂದು ಮೊದಲು ನೋಡದೆ ಸ್ಯಾಂಪಲ್ ಆರಿಸಿದರೆ, ಪಟ್ಟಿಯಿಂದ ಯಾರಾದರೂ ಕೆಲವು ಸಾಲುಗಳನ್ನು ತೆಗೆದಿದ್ದರೂ ಗೊತ್ತಾಗುವುದಿಲ್ಲ. ಆಮೇಲೆ ಮಾಡಿದ ಪರೀಕ್ಷೆಯೆಲ್ಲ ವ್ಯರ್ಥ. ಬಾಕಿ ಎಷ್ಟು ಹಳೆಯದು ಎಂದು ತೋರಿಸುವ ಪಟ್ಟಿಯಾದರೆ, ಕೆಲವು ಬಿಲ್ಲುಗಳ ತಾರೀಖನ್ನು ಮೂಲ ಬಿಲ್ಲಿನಲ್ಲೇ ನೋಡಿ, ಅವು ಸರಿಯಾದ ಕಾಲಮ್ಮಿನಲ್ಲಿವೆಯೇ ಎಂದು ತಿಳಿಯಬೇಕು. ಹತ್ತು ನಿಮಿಷದ ಈ ಕೆಲಸವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು.

ಮಾರ್ಚ್ ಕೊನೆಯ ದಿನಗಳಲ್ಲಿ ಆರ್ಟಿಕಲ್‌ಗಳು ಕಚೇರಿಯಲ್ಲಿ ಇರುವುದು ಅಪರೂಪ. ಪೀಣ್ಯ, ಬೊಮ್ಮಸಂದ್ರ, ಬಿಡದಿ, ನೆಲಮಂಗಲದ ಕಾರ್ಖಾನೆ ಮತ್ತು ಗೋದಾಮುಗಳಲ್ಲಿ ದಾಸ್ತಾನು ಎಣಿಕೆ ನಡೆಯುವಾಗ ಅವರು ಅಲ್ಲಿರುತ್ತಾರೆ. ಎಣಿಸುವುದು ಕಂಪನಿಯವರ ಕೆಲಸ, ಎಣಿಕೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿ, ತಾವೂ ಕೆಲವನ್ನು ಮರುಎಣಿಕೆ ಮಾಡುವುದು ಆಡಿಟ್‌ನವರ ಕೆಲಸ. ಈ ಮರುಎಣಿಕೆಯಲ್ಲೂ ಎರಡು ದಿಕ್ಕುಗಳಿವೆ: ಪಟ್ಟಿಯಲ್ಲಿರುವ ಕೆಲವು ವಸ್ತುಗಳನ್ನು ಗೋದಾಮಿನಲ್ಲಿ ಹುಡುಕಬೇಕು, ಗೋದಾಮಿನಲ್ಲಿ ಕಣ್ಣಿಗೆ ಬಿದ್ದ ಕೆಲವನ್ನು ಪಟ್ಟಿಯಲ್ಲಿ ಹುಡುಕಬೇಕು. ಧೂಳು ಹಿಡಿದ, ತುಕ್ಕು ತಿಂದ, ಅವಧಿ ಮುಗಿದ ಸರಕನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಸರಕು ಇದ್ದರೂ ಅದಕ್ಕೆ ಪುಸ್ತಕದಲ್ಲಿರುವ ಬೆಲೆ ಸಿಗದೆ ಹೋಗಬಹುದು. ಬೇರೆಯವರ ಮಾಲು ಜಾಬ್‌ವರ್ಕ್‌ಗೆಂದು, ಅಂದರೆ ಕೂಲಿಗೆ ಕೆಲಸ ಮಾಡಿಕೊಡಲೆಂದು, ಬಂದು ಕೂತಿದ್ದರೆ ಅದು ಎಣಿಕೆಗೆ ಸೇರಬಾರದು. ಕೊನೆಯದಾಗಿ ಒಳಬಂದ ಮಾಲಿನ ರಸೀದಿ ಸಂಖ್ಯೆ, ಕೊನೆಯದಾಗಿ ಹೊರಹೋದ ಮಾಲಿನ ಬಿಲ್ಲಿನ ಸಂಖ್ಯೆ, ಇವೆರಡನ್ನೂ ಅಂದೇ ಬರೆದಿಟ್ಟುಕೊಳ್ಳಬೇಕು. ಮಾರ್ಚ್ 31ರ ಸಂಜೆ ಗೋದಾಮಿನಲ್ಲೇ ಇದ್ದ ಮಾಲನ್ನು ಆಗಲೇ ಮಾರಾಟವಾಗಿದೆ ಎಂದು ಬರೆದಿದ್ದರೆ, ಮೇ ತಿಂಗಳಲ್ಲಿ ಕೂತು ಅದನ್ನು ಪತ್ತೆ ಮಾಡಲು ಸಹಾಯಕ್ಕೆ ಬರುವುದು ಈ ಸಂಖ್ಯೆಗಳೇ.

ಈ ಪದ್ಧತಿ ಮೊದಲಿನಿಂದ ಇದ್ದದ್ದೇನೂ ಅಲ್ಲ. 1938ರ ಕೊನೆಯಲ್ಲಿ ಅಮೆರಿಕದ ಮೆಕೆಸನ್ ಆ್ಯಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ವಂಚನೆ ಬಯಲಾಯಿತು. ಸುಮಾರು 8.7 ಕೋಟಿ ಡಾಲರ್ ಆಸ್ತಿ ತೋರಿಸಿದ್ದ ಆ ಕಂಪನಿಯಲ್ಲಿ ಸುಮಾರು 1.9 ಕೋಟಿ ಡಾಲರ್ ಮೌಲ್ಯದ ದಾಸ್ತಾನು ಮತ್ತು ಗ್ರಾಹಕರ ಬಾಕಿ ಕಾಗದದ ಮೇಲಷ್ಟೇ ಇತ್ತು. ಆಡಿಟರ್‌ಗಳು ಗೋದಾಮಿಗೆ ಹೋಗಿ ನೋಡಿರಲಿಲ್ಲ, ಗ್ರಾಹಕರಿಗೆ ಪತ್ರ ಬರೆದು ಕೇಳಿರಲಿಲ್ಲ, ಆಗ ಇವೆರಡೂ ಕಡ್ಡಾಯವಿರಲಿಲ್ಲ. ಮರುವರ್ಷ ಅಮೆರಿಕದ ವೃತ್ತಿಸಂಸ್ಥೆ ಎರಡನ್ನೂ ಆಡಿಟ್‌ನ ಅಂಗವಾಗಿಸಿತು, ಕ್ರಮೇಣ ಜಗತ್ತು ಅದನ್ನೇ ಅನುಸರಿಸಿತು. ನಮ್ಮಲ್ಲಿ ಇಂದು ದಾಸ್ತಾನಿಗೆ ಎಸ್‌ಎ 501, ಹೊರಗಿನವರ ದೃಢೀಕರಣಕ್ಕೆ ಎಸ್‌ಎ 505 ಎಂಬ ಮಾನದಂಡಗಳಿವೆ.

ದೃಢೀಕರಣ ಪತ್ರಗಳ ಕೆಲಸ ಆರ್ಟಿಕಲ್‌ಗಳಿಗೇ ಬರುವುದು, ಅವರಿಗೆ ಎಲ್ಲಕ್ಕಿಂತ ಬೇಸರ ತರಿಸುವ ಕೆಲಸವೂ ಇದೇ. 'ಮಾರ್ಚ್ 31ಕ್ಕೆ ನಿಮ್ಮಲ್ಲಿ ಈ ಕಂಪನಿಯ ಶಿಲ್ಕು ಎಷ್ಟು?' ಎಂದು ಬ್ಯಾಂಕುಗಳಿಗೂ, 'ನೀವು ಈ ಕಂಪನಿಗೆ ಎಷ್ಟು ಕೊಡಬೇಕು?' ಎಂದು ಗ್ರಾಹಕರಿಗೂ ಪತ್ರ ಹೋಗುತ್ತದೆ. ವಿಳಾಸ ಹೊಂದಿಸುವುದು, ಕಳಿಸುವುದು, ಉತ್ತರ ಬಾರದವರಿಗೆ ಮತ್ತೆ ಮತ್ತೆ ನೆನಪಿಸುವುದು, ಬಂದ ಉತ್ತರವನ್ನು ಪುಸ್ತಕದೊಂದಿಗೆ ತಾಳೆ ನೋಡುವುದು, ಇಷ್ಟೇ. ಆದರೆ ಮಾನದಂಡ ಒತ್ತಿ ಹೇಳುವ ಮಾತೊಂದಿದೆ: ಪತ್ರ ಹೊರಡುವುದರಿಂದ ಉತ್ತರ ಬರುವವರೆಗೆ ನಿಯಂತ್ರಣ ಆಡಿಟರ್ ಕೈಯಲ್ಲೇ ಇರಬೇಕು. ಕಂಪನಿಯವರು ಪತ್ರಕ್ಕೆ ಸಹಿ ಮಾಡಿಕೊಡಬಹುದು, ಅಂಚೆಗೆ ಅಥವಾ ಇ-ಮೇಲ್‌ಗೆ ಹಾಕಬೇಕಾದವರು ಆಡಿಟ್‌ನವರು. ಉತ್ತರ ನೇರವಾಗಿ ಅವರಿಗೇ ಬರಬೇಕು. ಕಳಿಸುವ ವಿಳಾಸ ನಿಜವಾಗಿ ಆ ಬ್ಯಾಂಕಿನದೇ, ಉತ್ತರ ಬಂದ ಇ-ಮೇಲ್‌ನ ಡೊಮೇನ್ ಆ ಗ್ರಾಹಕರದೇ ಎಂದು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಇದು ಏಕೆ ಇಷ್ಟು ಮುಖ್ಯ ಎಂಬುದನ್ನು ನಮ್ಮ ದೇಶ ದುಬಾರಿ ಬೆಲೆ ತೆತ್ತು ಕಲಿತಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ, ಹಿಂದಿನ ಸೆಪ್ಟೆಂಬರ್ 30ಕ್ಕೆ ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಬ್ಯಾಂಕ್ ಶಿಲ್ಕು ಎಂದರೆ ಆಡಿಟ್‌ನಲ್ಲಿ ಅತ್ಯಂತ ಸುಲಭವಾಗಿ ಖಚಿತಪಡಿಸಿಕೊಳ್ಳಬಹುದಾದ ಸಾಲು, ಹೊಸ ಆರ್ಟಿಕಲ್‌ಗೆ ಮೊದಲ ವಾರದಲ್ಲೇ ಕೊಡುವ ಕೆಲಸ. 2011ರಲ್ಲಿ ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ, ಆಡಿಟ್ ಮಾಡಿದ್ದ ಭಾರತದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಗಳು ದೃಢೀಕರಣ ಪತ್ರಗಳನ್ನು ಕಳಿಸುವ ಮತ್ತು ಪಡೆಯುವ ನಿಯಂತ್ರಣವನ್ನು ಆಡಿಟ್‌ಗೆ ಒಳಗಾದ ಕಂಪನಿಗೇ ಬಿಟ್ಟುಕೊಟ್ಟಿದ್ದವು ಎಂದು ಹೇಳಿ ಕ್ರಮ ಕೈಗೊಂಡಿತು. ಸಂಸ್ಥೆಗಳು ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 60 ಲಕ್ಷ ಡಾಲರ್ ದಂಡ ಕೊಟ್ಟು ಪ್ರಕರಣ ಇತ್ಯರ್ಥಪಡಿಸಿಕೊಂಡವು. ಇಷ್ಟು ದೊಡ್ಡ ವಂಚನೆಗೆ ಕಾರಣರಾದವರು ಮೇಲಿನವರು, ತಡೆಯದ ಹೊಣೆ ಸಹಿ ಮಾಡಿದವರದು, ಇದರಲ್ಲಿ ಕಲಿಯುವ ಹುಡುಗರ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೂ ಪತ್ರ ಯಾರ ಕೈಯಿಂದ ಹೋಯಿತು, ಯಾರ ಕೈಗೆ ಬಂತು ಎಂಬ ಗುಮಾಸ್ತಿಕೆಯಂಥ ಪ್ರಶ್ನೆಯ ಮೇಲೆ ಸಾವಿರಾರು ಕೋಟಿ ನಿಂತಿತ್ತು ಎಂಬುದನ್ನು ಪ್ರತಿಯೊಬ್ಬ ಆರ್ಟಿಕಲ್ ತಿಳಿದಿರಬೇಕು. ಕಂಪನಿಯ ಲೆಕ್ಕ ವಿಭಾಗದವರು ಒಳ್ಳೆಯ ಮನಸ್ಸಿನಿಂದಲೇ 'ನಮ್ಮ ಹುಡುಗ ಬ್ಯಾಂಕಿಗೆ ಹೋಗ್ತಾನೆ, ಪತ್ರ ಕೊಡಿ, ತಂದುಕೊಡ್ತಾನೆ' ಎಂದಾಗ, ವಿನಯದಿಂದ ಬೇಡವೆನ್ನಬೇಕಾದವರು ಈ ಆರ್ಟಿಕಲ್‌ಗಳೇ.

ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು. ಇದಕ್ಕೆ ವರ್ಕಿಂಗ್ ಪೇಪರ್ ಎನ್ನುತ್ತಾರೆ, ದೊಡ್ಡ ಸಂಸ್ಥೆಗಳಲ್ಲಿ ಅದು ಈಗ ಸಂಪೂರ್ಣ ಸಾಫ್ಟ್‌ವೇರ್‌ನಲ್ಲಿದೆ. ಈ ಆಡಿಟ್‌ಗೆ ಸಂಬಂಧವೇ ಇಲ್ಲದ ಅನುಭವಿ ಆಡಿಟರ್ ಒಬ್ಬರು ಓದಿದರೂ ಏನು ಮಾಡಿದ್ದಾರೆ, ಯಾವ ಪುರಾವೆ ಸಿಕ್ಕಿದೆ, ಯಾವ ತೀರ್ಮಾನಕ್ಕೆ ಬಂದಿದ್ದಾರೆ ಎಂದು ತಿಳಿಯುವಂತಿರಬೇಕು ಎಂಬುದು ಎಸ್‌ಎ 230ರ ಅಳತೆಗೋಲು. ವರದಿಗೆ ಸಹಿಯಾದ 60 ದಿನಗಳೊಳಗೆ ಕಡತವನ್ನು ಅಂತಿಮಗೊಳಿಸಬೇಕು, ಏಳು ವರ್ಷ ಕಾಪಾಡಬೇಕು. ಪ್ರತಿ ಕಾಗದದ ಮೇಲೆ ತಯಾರಿಸಿದವರ ಹೆಸರು, ತಾರೀಖು, ಪರಿಶೀಲಿಸಿದವರ ಹೆಸರು, ತಾರೀಖು ಇರುತ್ತವೆ. ದೊಡ್ಡ ಕಂಪನಿಗಳ ಆಡಿಟ್ ಮೇಲೆ ಕಣ್ಣಿಡಲು 2018ರ ಅಕ್ಟೋಬರ್‌ನಲ್ಲಿ ಅಸ್ತಿತ್ವಕ್ಕೆ ಬಂದ ಎನ್‌ಎಫ್‌ಆರ್‌ಎ ಎಂಬ ರಾಷ್ಟ್ರೀಯ ಪ್ರಾಧಿಕಾರಕ್ಕೆ, ದುರ್ನಡತೆ ಸಾಬೀತಾದರೆ ಆಡಿಟರ್‌ನ್ನು ಆರು ತಿಂಗಳಿಂದ ಹತ್ತು ವರ್ಷದವರೆಗೆ ವೃತ್ತಿಯಿಂದ ದೂರವಿಡುವ ಅಧಿಕಾರವಿದೆ. ಅದು ತನಿಖೆಗೆಂದು ತೆರೆಯುವುದೂ ಇದೇ ಕಡತವನ್ನು.

ಹೊಸಬರನ್ನು ಹಾಳುಮಾಡುವ ಅಭ್ಯಾಸ ಹುಟ್ಟುವುದೂ ಈ ಕಡತದಲ್ಲೇ. ಹಿಂದಿನ ವರ್ಷದ ವರ್ಕಿಂಗ್ ಪೇಪರ್ ಎದುರಿಗಿರುತ್ತದೆ, ಅದನ್ನು ನಕಲಿಸಿ ಅಂಕಿಗಳನ್ನಷ್ಟೇ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಹಿಂದಿನ ವರ್ಷ ಇಲ್ಲದ ಹೊಸ ಸಾಲ, ಹೊಸ ಘಟಕ, ಹೊಸ ಒಪ್ಪಂದ ಈ ವರ್ಷ ಬಂದಿದ್ದರೆ ಅದು ನಕಲಿನಲ್ಲಿ ಎಲ್ಲಿಂದ ಬರಬೇಕು? ಇನ್ನೂ ಅಪಾಯಕಾರಿಯಾದದ್ದು, ಬಿಲ್ಲು ಬರುವ ಮೊದಲೇ 'ಬರುತ್ತದೆ' ಎಂಬ ನಂಬಿಕೆಯಲ್ಲಿ ಟಿಕ್ ಹಾಕುವುದು. ನೋಡದೆ ಹಾಕಿದ ಒಂದು ಟಿಕ್ಕನ್ನು ಸೀನಿಯರ್ ನಂಬುತ್ತಾರೆ, ಅವರನ್ನು ಮ್ಯಾನೇಜರ್, ಮ್ಯಾನೇಜರನ್ನು ಪಾಲುದಾರರು, ಪಾಲುದಾರರನ್ನು ಷೇರುದಾರರು. ಮೇಲಿನವರು ಕಾಗದವನ್ನು ಪರಿಶೀಲಿಸಬಲ್ಲರು, ಮೂಲ ದಾಖಲೆಯನ್ನು ಪ್ರತಿಸಲವೂ ಮತ್ತೆ ತೆಗೆಸಿ ನೋಡಲಾರರು. ಬಿಲ್ಲು ಸಿಗದಿದ್ದರೆ 'ಸಿಕ್ಕಿಲ್ಲ' ಎಂದು ಬರೆಯುವ ಧೈರ್ಯವನ್ನು ಮೊದಲ ವರ್ಷದಲ್ಲೇ ಬೆಳೆಸಿಕೊಳ್ಳಬೇಕು, ಬೆಳೆಸುವಂಥ ವಾತಾವರಣವನ್ನು ಸೀನಿಯರ್‌ಗಳು ಕೊಡಬೇಕು. ರಾತ್ರಿ ಹತ್ತು ಗಂಟೆಗೆ 'ಇನ್ನೂ ಮುಗಿದಿಲ್ಲವೇ?' ಎಂದು ಗದರಿಸುವ ಸೀನಿಯರ್, ತಿಳಿಯದೆಯೇ ಸುಳ್ಳು ಟಿಕ್‌ಗೆ ದಾರಿ ಮಾಡಿಕೊಡುತ್ತಾರೆ.

ಕಂಪನಿಯವರ ಜೊತೆ ಮಾತನಾಡುವುದೂ ಒಂದು ವಿದ್ಯೆ. ಇಪ್ಪತ್ತೈದು ವರ್ಷ ಅನುಭವವಿರುವ ಫೈನಾನ್ಸ್ ಮ್ಯಾನೇಜರನ್ನು ಇಪ್ಪತ್ತೊಂದರ ಹುಡುಗಿಯೊಬ್ಬಳು ಪ್ರಶ್ನಿಸಬೇಕಾಗುತ್ತದೆ. 'ಸರ್, ಈ ಖರ್ಚು ಹೋದ ವರ್ಷಕ್ಕಿಂತ ಶೇ. 60 ಹೆಚ್ಚಿದೆ, ಕಾರಣ ತಿಳಿಸುತ್ತೀರಾ?' ಎಂದು ಕೇಳಿದರೆ 'ವ್ಯಾಪಾರ ಜಾಸ್ತಿ ಆಯ್ತಲ್ಲಮ್ಮ' ಎಂಬ ಉತ್ತರ ಬರಬಹುದು. ಅದು ವಿವರಣೆಯೇ ಹೊರತು ಪುರಾವೆಯಲ್ಲ. ವ್ಯಾಪಾರ ಶೇ. 10ರಷ್ಟೇ ಹೆಚ್ಚಿದ್ದರೆ ಉಳಿದ ಏರಿಕೆಗೆ ದಾಖಲೆ ಬೇಕು ಎಂದು ಮುಂದುವರಿಸಬೇಕು, ಗೌರವ ಬಿಡದೆ, ಪ್ರಶ್ನೆಯನ್ನೂ ಬಿಡದೆ. ನಿಜಕ್ಕೂ ಅನುಮಾನ ಹುಟ್ಟಿಸುವಂಥದ್ದು ಕಂಡರೆ ಅಲ್ಲೇ ವಾದಕ್ಕಿಳಿಯದೆ ತನ್ನ ತಂಡದ ಹಿರಿಯರಿಗೆ ತಿಳಿಸುವುದು ಸರಿಯಾದ ದಾರಿ. ಕಂಪನಿಯ ಅಧಿಕಾರಿಗಳು ಅಥವಾ ನೌಕರರು ಕಂಪನಿಯ ವಿರುದ್ಧ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವಂಚನೆ ನಡೆಸಿದ್ದಾರೆಂದು ನಂಬಲು ಕಾರಣವಿದ್ದರೆ ಅದನ್ನು ಕೇಂದ್ರ ಸರ್ಕಾರಕ್ಕೆ ವರದಿ ಮಾಡುವ ಹೊಣೆಯನ್ನು 2013ರ ಕಂಪನಿ ಕಾಯ್ದೆಯ 143ನೇ ಕಲಮು ಆಡಿಟರ್ ಮೇಲೆ ಹಾಕಿದೆ. ಆ ತೀರ್ಮಾನ ಪಾಲುದಾರರದು.

ಅಭಿಪ್ರಾಯದ ಜೊತೆಗೆ ಆಡಿಟರ್ ಕೊಡಬೇಕಾದ ಇನ್ನೊಂದು ಪಟ್ಟಿ ಕ್ಯಾರೊ 2020, ಅಂದರೆ ಆಡಿಟ್ ವರದಿಯ ಬಗೆಗಿನ ಸರ್ಕಾರಿ ಆದೇಶ ಕೇಳುವ ಪಟ್ಟಿ, ಅದರಲ್ಲಿ 21 ಅಂಶಗಳಿವೆ. ಅವುಗಳ ಪ್ರಾಥಮಿಕ ಕೆಲಸ ಬಹುತೇಕ ಆರ್ಟಿಕಲ್‌ಗಳದೇ: ಪಿ.ಎಫ್., ಜಿ.ಎಸ್.ಟಿ. ಚಲನ್‌ಗಳನ್ನು ತೆಗೆದು ಯಾವುದಾದರೂ ಬಾಕಿ ಆರು ತಿಂಗಳು ಮೀರಿ ಉಳಿದಿದೆಯೇ ಎಂದು ನೋಡುವುದು, ಜಮೀನು ಮತ್ತು ಕಟ್ಟಡದ ಪತ್ರಗಳು ಕಂಪನಿಯ ಹೆಸರಿನಲ್ಲಿವೆಯೇ ಎಂದು ಓದುವುದು. ದಾಸ್ತಾನು, ಬಾಕಿಗಳ ಅಡಮಾನದ ಮೇಲೆ ಬ್ಯಾಂಕಿನಿಂದ 5 ಕೋಟಿಗಿಂತ ಹೆಚ್ಚಿನ ದುಡಿಯುವ ಬಂಡವಾಳ ಮಂಜೂರಾಗಿದ್ದರೆ, ಕಂಪನಿ ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಪಟ್ಟಿಯೂ ಪುಸ್ತಕವೂ ಒಂದೇ ಹೇಳುತ್ತವೆಯೇ ಎಂದು ತಾಳೆ ನೋಡಬೇಕು. ಬ್ಯಾಂಕಿಗೊಂದು ಲೆಕ್ಕ, ಷೇರುದಾರರಿಗೊಂದು ಲೆಕ್ಕ ಎಂಬ ಹಳೆಯ ಚಾಳಿ ಈ ತಾಳೆಯಲ್ಲಿ ಹೊರಬೀಳುತ್ತದೆ.

ಕೆಲಸದ ವರ್ಷಕ್ಕೆ ತನ್ನದೇ ಋತುಮಾನವಿದೆ. ಷೇರುಪೇಟೆಯಲ್ಲಿರುವ ಕಂಪನಿಗಳು ವಾರ್ಷಿಕ ಫಲಿತಾಂಶವನ್ನು 60 ದಿನಗಳಲ್ಲಿ ಪ್ರಕಟಿಸಬೇಕಾಗಿರುವುದರಿಂದ ಏಪ್ರಿಲ್, ಮೇ ಅತ್ಯಂತ ಬಿಡುವಿಲ್ಲದ ಕಾಲ. ಉಳಿದ ಮೂರು ತ್ರೈಮಾಸಿಕಗಳ ಫಲಿತಾಂಶಕ್ಕೆ 45 ದಿನ. ಷೇರುಪೇಟೆಯಲ್ಲಿಲ್ಲದ ಕಂಪನಿಗಳ ವಾರ್ಷಿಕ ಸಾಮಾನ್ಯ ಸಭೆ ಮತ್ತು ತೆರಿಗೆ ಆಡಿಟ್‌ನಿಂದಾಗಿ ಸೆಪ್ಟೆಂಬರ್ ಮತ್ತೊಂದು ಗಡುವಿನ ತಿಂಗಳು. ಇದರ ನಡುವೆ ಫೈನಲ್ ಪರೀಕ್ಷೆಗೂ ಓದಬೇಕು. ಅವಧಿ ಎರಡು ವರ್ಷಕ್ಕಿಳಿದ ಮೇಲೆ ರಜೆಯೂ ಕಡಿಮೆಯಾಗಿದೆ, ಮನೆಯವರು ಇದನ್ನು ಅರಿತು ಹಬ್ಬಕ್ಕೆ ಬಾರದ ಮಗನನ್ನೋ ಮಗಳನ್ನೋ ಆಕ್ಷೇಪಿಸದಿರುವುದು ಒಳ್ಳೆಯದು.

ದೊಡ್ಡ ಸಂಸ್ಥೆಗೆ ಸೇರಿದವರ ಮೇಲೆ ಇನ್ನೆರಡು ನಿರ್ಬಂಧಗಳಿವೆ. ಆಡಿಟ್‌ಗೆ ಒಳಪಡುವ ಕಂಪನಿಗಳ ಷೇರು ತನ್ನಲ್ಲಿ ಅಥವಾ ಹತ್ತಿರದ ಕುಟುಂಬದವರಲ್ಲಿ ಇದೆಯೇ ಎಂದು ಘೋಷಿಸಬೇಕು, ಇದ್ದರೆ ಸಂಸ್ಥೆಯ ನಿಯಮದಂತೆ ಮಾರಬೇಕಾಗಬಹುದು. ಫಲಿತಾಂಶ ಪ್ರಕಟವಾಗುವ ಮೊದಲೇ ಲಾಭದ ಅಂಕಿ ಕಣ್ಣಿಗೆ ಬಿದ್ದಿರುತ್ತದೆ, ಅದನ್ನು ಸ್ನೇಹಿತರಿಗೆ ಹೇಳಿದರೂ ಷೇರುಪೇಟೆ ನಿಯಂತ್ರಕ ಸೆಬಿಯ ಒಳವಹಿವಾಟು ನಿಯಮದ ಉಲ್ಲಂಘನೆ. ಪಿ.ಜಿ. ಕೋಣೆಯಲ್ಲಿ ಬೇರೆ ಬೇರೆ ಸಂಸ್ಥೆಗಳ ಆರ್ಟಿಕಲ್‌ಗಳು ಒಟ್ಟಿಗಿರುವಾಗ ಇದನ್ನು ನೆನಪಿಟ್ಟುಕೊಳ್ಳುವುದು ತುಂಬಾ ಅಗತ್ಯ.

ಹಾಗಾದರೆ ಸಣ್ಣ ಕಚೇರಿ ಮೇಲೋ, ದೊಡ್ಡ ಸಂಸ್ಥೆ ಮೇಲೋ? ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿ ಆರ್ಟಿಕಲ್ ಜಿ.ಎಸ್.ಟಿ. ರಿಟರ್ನ್, ಆದಾಯ ತೆರಿಗೆ, ಸಹಕಾರ ಸಂಘದ ಲೆಕ್ಕ, ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಯ ಆಡಿಟ್, ಎಲ್ಲವನ್ನೂ ಆದಿಯಿಂದ ಅಂತ್ಯದವರೆಗೆ ನೋಡುತ್ತಾನೆ. ಬ್ಯಾಂಕ್ ಶಾಖೆಯಲ್ಲಿ 90 ದಿನ ಮೀರಿ ಕಂತು ಬಾರದ ಸಾಲವನ್ನು ಗುರುತಿಸುವ ಕೆಲಸದಿಂದ ಸಿಗುವ ತಿಳಿವಳಿಕೆ ಎಷ್ಟೋ ದೊಡ್ಡ ಸಂಸ್ಥೆಗಳ ಆರ್ಟಿಕಲ್‌ಗಳಿಗೆ ಸಿಗುವುದಿಲ್ಲ. ದೊಡ್ಡ ಸಂಸ್ಥೆಯಲ್ಲಿ ಒಂದೇ ಕಂಪನಿಯ ಒಂದೆರಡು ಖಾತೆಗಳನ್ನು ತಿಂಗಳುಗಟ್ಟಲೆ ನೋಡುವುದರಿಂದ ಕ್ರಮ, ಆಳ, ಬರವಣಿಗೆಯ ಶಿಸ್ತು ಬರುತ್ತದೆ, ಇಂಡ್ ಎಎಸ್ ಎಂಬ ಭಾರತೀಯ ಲೆಕ್ಕಪತ್ರ ಮಾನದಂಡಗಳು ಬಳಕೆಯಲ್ಲಿ ಹೇಗಿವೆ ಎಂದು ತಿಳಿಯುತ್ತದೆ. ಸ್ವಂತ ಕಚೇರಿ ತೆರೆಯಬೇಕೆಂದಿರುವವರಿಗೆ ಸಣ್ಣ ಕಚೇರಿಯೇ ಸೂಕ್ತ ಎಂದು ನನಗನ್ನಿಸುತ್ತದೆ. ಕಂಪನಿಗಳ ಹಣಕಾಸು ವಿಭಾಗಕ್ಕೆ ಅಥವಾ ಆಡಿಟ್ ವೃತ್ತಿಗೇ ಹೋಗುವವರಿಗೆ ದೊಡ್ಡ ಸಂಸ್ಥೆಯ ತರಬೇತಿ ಹೆಚ್ಚು ಉಪಯುಕ್ತ.

ಕೆಲಸದ ಸ್ವರೂಪವೂ ಬದಲಾಗುತ್ತಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್, ಯಾವ ನಮೂದನ್ನು ಯಾವಾಗ ಬದಲಿಸಲಾಯಿತು ಎಂಬ ಜಾಡನ್ನು ಅಳಿಸಲಾಗದಂತೆ ಉಳಿಸಬೇಕು, ಅದು ವರ್ಷವಿಡೀ ನಡೆದಿತ್ತೇ ಎಂದು ಆಡಿಟರ್ ವರದಿಯಲ್ಲಿ ಹೇಳಬೇಕು. ಸಾವಿರಾರು ಬಿಲ್ಲುಗಳ ಮೊತ್ತವನ್ನು ತಾಳೆ ನೋಡುವ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ. ಇಡೀ ವರ್ಷದ ಜರ್ನಲ್ ನಮೂದುಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಭಾನುವಾರ ಹಾಕಿದವು, ಮಾರ್ಚ್ 31ರ ರಾತ್ರಿ ಹಾಕಿದವು, ವಿವರಣೆಯಿಲ್ಲದೆ ದುಂಡು ಮೊತ್ತದಲ್ಲಿ ಮಾರಾಟಕ್ಕೆ ಜಮೆಯಾದವು ಎಂದು ಬೇರ್ಪಡಿಸಿ ತೆಗೆಯಬಹುದು. ಹಾಗೆ ಬೇರ್ಪಟ್ಟು ಬಂದ ನಲವತ್ತು ನಮೂದುಗಳ ಹಿಂದಿನ ಕಾಗದವನ್ನು ತರಿಸಿ, ಓದಿ, ನಂಬಬಹುದೇ ಎಂದು ತೂಗಿ ನೋಡುವ ಕೆಲಸ ಮಾತ್ರ ಈಗಲೂ ಆರ್ಟಿಕಲ್‌ನದೇ. ಆದ್ದರಿಂದ ಸಂಸ್ಥೆಗೆ ಸೇರುವ ಮುನ್ನ ಸಂದರ್ಶನದಲ್ಲಿ ವಿದ್ಯಾರ್ಥಿಯೂ ಕೆಲವು ಪ್ರಶ್ನೆ ಕೇಳುವುದು ತಪ್ಪಲ್ಲ: ಎರಡು ವರ್ಷದಲ್ಲಿ ಎಷ್ಟು ಬಗೆಯ ಉದ್ಯಮಗಳನ್ನು ನೋಡಲು ಸಿಗುತ್ತದೆ, ಒಂದೇ ಖಾತೆಯಲ್ಲಿ ಕೂರಿಸದೆ ಬದಲಿಸುತ್ತಾರೆಯೇ, ತಪ್ಪನ್ನು ತಿದ್ದಿ ಹೇಳಿಕೊಡಲು ಸೀನಿಯರ್‌ಗೆ ಸಮಯ ಕೊಡುತ್ತಾರೆಯೇ, ಪರೀಕ್ಷೆಗೆ ಮುಂಚೆ ರಜೆ ಎಷ್ಟು ಸಿಗುತ್ತದೆ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ಪ್ರಿನ್ಸಿಪಾಲ್ ಸಿಕ್ಕರೆ ಸಂಸ್ಥೆಯ ಹೆಸರು ದೊಡ್ಡದೋ ಸಣ್ಣದೋ ಎಂದು ಹೆಚ್ಚು ಯೋಚಿಸದೆ ಸೇರಿಕೊಳ್ಳಬಹುದು.